ಅಡುಗೆ ಕಾರ್ಯಕ್ರಮ: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುವುದೆಂದರೆ ಸುಮ್ಮನೆ ಹೊತ್ತು ಕಳೆಯುವುದು ಎಂದು ನಮ್ಮ ತರಗತಿಯಲ್ಲಿ ಬಹಳ ಜನ ತಿಳಿದಿದ್ದಾರೆ. ಹುಡುಗರ ಕೈಗೆ ರಿಮೋಟ್ ಸಿಕ್ಕರೆ ಕ್ರಿಕೆಟ್, ಹುಡುಗಿಯರ ಕೈಗೆ ಸಿಕ್ಕರೆ ಧಾರಾವಾಹಿ. ಅಡುಗೆ ಕಾರ್ಯಕ್ರಮ ಅಮ್ಮಂದಿರಿಗೆ ಬಿಟ್ಟದ್ದು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂದು ನೋಡುವುದು ನಮ್ಮ ಪಾಠ. ಆ ಲೆಕ್ಕದಲ್ಲಿ ಕಳೆದ ವರ್ಷ ನಾನು ನೋಡಿದ ಅಡುಗೆ ಕಾರ್ಯಕ್ರಮಗಳಷ್ಟು ಲಾಭ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಅದಕ್ಕೇ ಹೊಸದಾಗಿ ನೋಡುವವರಿಗೆ ನಾಲ್ಕು ಮಾತು ಹೇಳಬೇಕೆನಿಸಿತು.

ನಾನು ನೋಡಲು ಶುರು ಮಾಡಿದ್ದು ಇಷ್ಟಪಟ್ಟು ಅಲ್ಲ, ಬೇರೆ ದಾರಿ ಇರಲಿಲ್ಲ. ಪ್ರಥಮ ಪಿಯುಸಿಯಲ್ಲಿದ್ದಾಗ ಅಮ್ಮಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರ್. ಆಪಾಗೆ ಮೀರಜದಲ್ಲಿ ಮದುವೆಯಾಗಿದೆ, ತಂಗಿ ಏಳನೇ ತರಗತಿ. ಅಬ್ಬಾ ಟ್ರ್ಯಾಕ್ಟರ್ ಡ್ರೈವರ್. ಕಬ್ಬಿನ ಹಂಗಾಮಿನಲ್ಲಿ ಅವರು ಮನೆಗೆ ಬರುವ ಹೊತ್ತು ಅವರಿಗೇ ಗೊತ್ತಿರುವುದಿಲ್ಲ. ಉಳಿದವನು ನಾನು. ಕಾಲೇಜಿಗೆ ಬರುವ ಮೊದಲು ನಾಲ್ಕು ಜನರ ಅಡುಗೆ ಆಗಬೇಕಿತ್ತು.

ಹೊಸಬರಿಗೆ ನಾನು ಮೊದಲು ಹೇಳುವುದು ಜೀ ಕನ್ನಡದಲ್ಲಿ ಬರುತ್ತಿದ್ದ ‘ಒಗ್ಗರಣೆ ಡಬ್ಬಿ’. ಮುರಳಿ ಅಡುಗೆ ಮಾಡುತ್ತಾರೆ, ಸುಚಿತ್ರಾ ಜೊತೆಗೆ ನಿಂತು ಮಾತಾಡುತ್ತಾರೆ. ಸುಚಿತ್ರಾ ಕೇಳುವ ಪ್ರಶ್ನೆಗಳು ಏನೂ ಗೊತ್ತಿಲ್ಲದವರು ಕೇಳುವಂಥವೇ ಆದ್ದರಿಂದ ನಮಗೆ ಅನುಕೂಲ. ಹಳೆಯ ಕಂತುಗಳನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ನಮ್ಮ ಮನೆಯಲ್ಲಿ ಒಗ್ಗರಣೆಗೆ ಬಗಾರ್ ಅನ್ನುತ್ತೇವೆ, ಹಾಗಾಗಿ ಅಮ್ಮಿ ಇದಕ್ಕೆ ‘ಬಗಾರ್ ಕಾ ಡಬ್ಬಾ’ ಎಂದೇ ಹೆಸರಿಟ್ಟಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮುರಳಿ ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳಬೇಕು, ಅವಳು ಮಂಚದ ಮೇಲಿಂದಲೇ ತಿದ್ದಬೇಕು: ‘ಇತ್ತಾ ಪಾನಿ ನಕ್ಕೋ ರೇ.’ ಒಂದು ವಾರದಲ್ಲಿ ನನ್ನ ಅನುವಾದವೇ ಬೇಡವಾಯಿತು. ಜೀರಿಗೆ, ಕೊತ್ತಂಬರಿ, ಉದ್ದಿನಬೇಳೆ ಎಂದು ಅವಳೇ ಹೇಳತೊಡಗಿದಳು.

ಎರಡನೆಯದು ಸ್ಟಾರ್ ಸುವರ್ಣದ ‘ಬೊಂಬಾಟ್ ಭೋಜನ’. ನಡೆಸಿಕೊಡುವವರು ಸಿಹಿಕಹಿ ಚಂದ್ರು. ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದ ಅವರಿಗೆ ಆ ಹೆಸರು ಬಂತು. ಅವರು ಅಡುಗೆ ಮಾಡುವಾಗ ಅವಸರ ಇರುವುದಿಲ್ಲ. ನಗಿಸುತ್ತಲೇ ಈರುಳ್ಳಿ ಎಷ್ಟು ಬಾಡಬೇಕು, ಮಸಾಲೆ ಯಾವಾಗ ಎಣ್ಣೆ ಬಿಡುತ್ತದೆ ಎಂದು ತೋರಿಸಿಬಿಡುತ್ತಾರೆ. ಇದು ಮಧ್ಯಾಹ್ನದ ಕಾರ್ಯಕ್ರಮ. ರಂಜಾನಿನಲ್ಲಿ ರೋಜಾ ಇರುವವರು ಆ ಹೊತ್ತಿಗೆ ಟೀವಿ ಹಚ್ಚದಿರುವುದು ಒಳ್ಳೆಯದು. ಇಫ್ತಾರ್ ತನಕ ಗಡಿಯಾರ ಮುಂದೆ ಹೋಗುವುದೇ ಇಲ್ಲ.

ಒಂದು ಎಚ್ಚರಿಕೆ. ಬೆಂಗಳೂರಿನ ಅಡುಗೆಯಲ್ಲಿ ಕಾಯಿತುರಿ ಬಹಳ. ನಮ್ಮ ಕಡೆ ಅದರ ಜಾಗದಲ್ಲಿ ಶೇಂಗಾ ಪುಡಿ, ಗುರೆಳ್ಳು ಪುಡಿ ಇರುತ್ತವೆ. ಮನೆಯಲ್ಲಿ ಇಲ್ಲದ್ದಕ್ಕೆ ಪೇಟೆಗೆ ಓಡಬೇಡಿ, ಇರುವುದರಲ್ಲಿ ಹೊಂದಿಸಿ. ಇನ್ನೊಂದು, ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಎಲ್ಲರೂ ಹೇಳುತ್ತಾರೆ. ಹೊಸಬರಿಗೆ ಆ ತಕ್ಕಷ್ಟು ಎಷ್ಟು ಎಂಬುದೇ ಗೊತ್ತಿರುವುದಿಲ್ಲ. ನಾನು ಚಮಚ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಟೀವಿ ಕಲಿಸಲಾಗದ್ದೂ ಒಂದಿದೆ, ಅದು ಜೋಳದ ರೊಟ್ಟಿ. ಹಿಟ್ಟಿಗೆ ಎಸರು ಎಷ್ಟು ಬಿಸಿ ಇರಬೇಕು, ಅಂಗೈ ಎಷ್ಟು ಭಾರ ಬೀಳಬೇಕು ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ನಮ್ಮ ಪಕ್ಕದ ಮನೆಯ ಕಾಕು ಹದಿನೈದು ದಿನ ನಮ್ಮ ಒಲೆಯ ಮುಂದೆ ಕುಳಿತು ಕಲಿಸಿದರು. ‘ಟೀವಿ ನೋಡಿದ್ರ ರೊಟ್ಟಿ ಬರೂದಿಲ್ಲೋ ಮಗಾ, ಕೈ ಸುಟ್ಕೊಂಡ್ರ ಬರ್ತೈತಿ’ ಅಂದರು.

ಮರಾಠಿ ತಿಳಿಯುವವರು ನಮ್ಮ ತಾಲ್ಲೂಕಿನಲ್ಲಿ ಬಹಳ ಜನ ಇದ್ದಾರೆ. ಅವರು ಜೀ ಮರಾಠಿಯ ‘ಆಮ್ಹೀ ಸಾರೇ ಖವಯ್ಯೇ’ ನೋಡಬೇಕು. ನಾಟಕರಂಗದ ಪ್ರಶಾಂತ್ ದಾಮ್ಲೆ ಅದನ್ನು ನಡೆಸಿಕೊಟ್ಟವರು. ಅಡುಗೆ ಮಾಡಿ ತೋರಿಸುವವರು ಬೇರೆ ಬೇರೆ ಊರಿನ ಸಾಮಾನ್ಯ ಗೃಹಿಣಿಯರು. ಝುಣಕ, ಥಾಲಿಪೀಠ ಇವೆಲ್ಲ ನಮ್ಮ ಕಡೆಯ ಊಟಕ್ಕೆ ಹತ್ತಿರದವು, ಸಾಮಾನೂ ನಮ್ಮ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ.

ಇವೆಲ್ಲಕ್ಕೂ ಹಿರಿಯಣ್ಣ ಜೀ ಟೀವಿಯ ‘ಖಾನಾ ಖಜಾನಾ’. 1993ರಲ್ಲಿ ಶುರುವಾದ ಈ ಹಿಂದಿ ಕಾರ್ಯಕ್ರಮದಿಂದ ಸಂಜೀವ್ ಕಪೂರ್ ಮನೆಮಾತಾದರು. ಮುಂದೆ 2011ರಲ್ಲಿ ಅಡುಗೆಗೆಂದೇ ‘ಫುಡ್‌ಫುಡ್’ ಎಂಬ ವಾಹಿನಿ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಪಡೆದರು. ಒಬ್ಬ ಗಂಡಸು ಸೌಟು ಹಿಡಿದು ದೇಶದ ಮುಂದೆ ನಿಂತು ಗೌರವ ಗಳಿಸಿದ ಎನ್ನುವುದು ನನಗೆ ಆಗ ದೊಡ್ಡ ಧೈರ್ಯವಾಗಿತ್ತು. ಏಕೆಂದರೆ ನಮ್ಮ ಗಲ್ಲಿಯಲ್ಲಿ ನಾನು ಹೊರಗೆ ಬಂದರೆ ಹುಡುಗರು ‘ಬಾವರ್ಚಿ ಬಂದ’ ಎಂದು ನಗುತ್ತಿದ್ದರು.

ಈ ನಗುವಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಮದುವೆಗಳಲ್ಲಿ ಐನೂರು ಜನರ ಬಿರಿಯಾನಿ ದೇಗ್ ಇಡುವವರು ಗಂಡಸರೇ. ಅವರನ್ನು ನೋಡಿ ಯಾರೂ ನಗುವುದಿಲ್ಲ, ಕೂಲಿ ಕೊಟ್ಟು ಕೈಮುಗಿದು ಕಳಿಸುತ್ತಾರೆ. ಅದೇ ಗಂಡಸು ಮನೆಯಲ್ಲಿ ನಾಲ್ಕು ಜನರಿಗೆ ದಾಲ್ಚಾ ಮಾಡಿದರೆ ನಗು. ಹಾಗಾದರೆ ನಗು ಅಡುಗೆಗಲ್ಲ, ಸಂಬಳವಿಲ್ಲದ ಕೆಲಸಕ್ಕೆ. ಈ ವರ್ಷ ಅರ್ಥಶಾಸ್ತ್ರದಲ್ಲಿ ಅದೇ ಪಾಠ ಬಂತು: ಗೃಹಿಣಿ ಮನೆಯಲ್ಲಿ ಮಾಡುವ ಕೆಲಸ ಜಿಡಿಪಿಯಲ್ಲಿ ಸೇರುವುದಿಲ್ಲ. ಪುಸ್ತಕದಲ್ಲಿ ಅದು ಒಂದೆರಡು ಸಾಲು. ಒಂದೂವರೆ ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದವನಿಗೆ ಅದು ಇಪ್ಪತ್ತೆರಡು ವರ್ಷದ ಅಮ್ಮಿಯ ಲೆಕ್ಕ.

ಕೊನೆಯಲ್ಲಿ ನೋಡಬೇಕಾದದ್ದು ‘ಮಾಸ್ಟರ್‌ಚೆಫ್ ಇಂಡಿಯಾ’. ಇದನ್ನು ಮೊದಲೇ ನೋಡಿದರೆ ಹೆದರಿಕೆಯಾಗುತ್ತದೆ. ಅಲ್ಲಿನ ಸಾಮಾನು, ತಟ್ಟೆ ಅಲಂಕಾರ ನಮ್ಮ ಅಡುಗೆಮನೆಯದ್ದಲ್ಲ. ಇಂಥ ಸ್ಪರ್ಧೆಗಳಲ್ಲಿ ನಮಗೆ ಹಲಾಲ್ ಅಲ್ಲದ್ದೂ ಬರಬಹುದು. ಸಾಮಗ್ರಿ ಬಿಟ್ಟು ವಿಧಾನ ಕಲಿಯಿರಿ. 2010ರ ಮೊದಲ ಆವೃತ್ತಿಯಲ್ಲಿ ಗೆದ್ದವರು ಲಖನೌದ ಶಿಕ್ಷಕಿ ಪಂಕಜ್ ಭದೌರಿಯಾ, ಸ್ಪರ್ಧೆಗಾಗಿ ಕೆಲಸವನ್ನೇ ಬಿಟ್ಟು ಬಂದಿದ್ದವರು. ಆದರೆ ನೀವು ನೋಡಲೇಬೇಕಾದದ್ದು ಸೋನಿ ಲಿವ್‌ನಲ್ಲಿ ಬಂದ 2023ರ ಎಂಟನೇ ಆವೃತ್ತಿ. ಅದನ್ನು ಗೆದ್ದವರು ನಮ್ಮ ಮಂಗಳೂರಿನ ಮೊಹಮ್ಮದ್ ಆಶಿಕ್, ಆಗ ವಯಸ್ಸು 24. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಆಸೆ ಇತ್ತು, ಹಣ ಇರಲಿಲ್ಲ. ಕುಲುಕ್ಕಿ ಶರಬತ್ತಿನ ಅಂಗಡಿ ಇಟ್ಟರು. ಹಿಂದಿನ ಆವೃತ್ತಿಗೂ ಹೋಗಿದ್ದರು, ಆಯ್ಕೆಯಾಗದೆ ವಾಪಸ್ ಬಂದರು. ಮತ್ತೆ ಹೋಗಿ ವಿಕಾಸ್ ಖನ್ನಾ, ರಣವೀರ್ ಬ್ರಾರ್, ಪೂಜಾ ಧಿಂಗ್ರಾ ಅವರ ಮುಂದೆ ನಿಂತು ಗೆದ್ದರು.

ಈ ಆವೃತ್ತಿಯನ್ನು ಅಬ್ಬಾ ನನ್ನ ಜೊತೆ ಕುಳಿತು ನೋಡಿದರು. ಅವರಿಗೆ ನಾನು ಬಿ.ಕಾಂ ಮಾಡಿ ಬ್ಯಾಂಕಿಗೆ ಸೇರಬೇಕೆಂದಿದೆ. ಆಶಿಕ್ ಗೆದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಓ ಪಢಾಯಿ ಕಿತ್ತೇ ಕೀ?’ ಆ ಓದಿಗೆ ಎಷ್ಟು ಖರ್ಚು ಎಂದು. ನಾನು ವಿಚಾರಿಸಿಟ್ಟುಕೊಂಡಿದ್ದೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿದ್ದರೆ ಸಾಕು, ವಾಣಿಜ್ಯದವರೂ ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆ ಬರೆಯಬಹುದು. ಬೆಂಗಳೂರಿನಲ್ಲಿ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯೇ ಇದೆ. ಶುಲ್ಕ ಕೇಳಿ ಅಬ್ಬಾ ಸುಮ್ಮನಾದರು. ಆಮೇಲೆ ‘ಮೊದಲು ಪಾಸಾಗು, ಕುಳಿತು ಮಾತಾಡೋಣ’ ಅಂದರು. ಬೇಡ ಎನ್ನಲಿಲ್ಲ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಅಮ್ಮಿಯ ಕೈ ಈಗ ವಾಸಿಯಾಗಿದೆ, ಆದರೂ ತುಂಬಿದ ಕೊಡ ಎತ್ತಲು ಆಗುವುದಿಲ್ಲ. ಬೆಳಗಿನ ರೊಟ್ಟಿ ಅವಳದು, ರಾತ್ರಿಯ ಅಡುಗೆ ನನ್ನದು ಮತ್ತು ತಂಗಿಯದು.

ಗೆಳೆಯರೇ, ಈ ತಿಂಗಳು ಒಂದು ಕಾರ್ಯಕ್ರಮ ಆರಿಸಿಕೊಳ್ಳಿ. ಹತ್ತು ಕಂತು ನೋಡುವ ಬದಲು ಒಂದನ್ನೇ ಎರಡು ಸಲ ನೋಡಿ, ಆ ಒಂದು ಪದಾರ್ಥವನ್ನು ಮನೆಯಲ್ಲಿ ಮಾಡಿ. ಸಾಮಾನಿಗೆ ಎಷ್ಟು ರೂಪಾಯಿ, ನಿಂತ ಹೊತ್ತು ಎಷ್ಟು ಗಂಟೆ ಎಂದು ಬರೆದಿಡಿ. ಅದೇ ಹೊತ್ತನ್ನು ವರ್ಷದ ದಿನಗಳಿಂದ ಗುಣಿಸಿ ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರಿಗೆ ತೋರಿಸಿ. ನಾನು ತೋರಿಸಿದಾಗ ಅಮ್ಮಿ ಕಾಗದವನ್ನು ಮಡಚಿ ಮಸಾಲೆ ಡಬ್ಬಿಯ ಕೆಳಗೆ ಇಟ್ಟುಕೊಂಡಳು.