ನೀರು ತುಂಬೋರು ಯಾರು?

ಗುಳೇದಗುಡ್ಡದ ಓಣಿಯೊಂದರ ಮನೆಯಲ್ಲಿ, ಪಡಸಾಲೆಯ ಮೂಲೆಗೆ ಫೋನ್ ಆನಿಸಿಕೊಂಡು ಕೂತಿದ್ದೀರಿ. ಕುಣಿಮಗ್ಗದಲ್ಲಿ ಅಣ್ಣ ಕುಪ್ಪಸದ ಖಣ ನೇಯುತ್ತಿದ್ದಾನೆ. ಒಂದೊಂದು ಬಡಿತವೂ ನೆಲದಿಂದ ನಿಮ್ಮ ಮೊಣಕಾಲಿಗೆ ಏರುತ್ತದೆ. ಒಳಗಿನಿಂದ ರೊಟ್ಟಿ ಸುಡುವ ವಾಸನೆ. ಮುಂಜಾನೆಯಿಂದ ಕಂಡಿಕೆ ಸುತ್ತಿದ ಬೆರಳುಗಳಲ್ಲಿ ಇನ್ನೂ ಜೋಮು.

"ಬಾರ್ರೋ ಎಲ್ ಸ್ವೇಲೊ." ಕಸ ಹೊಡೀತೀನಿ. ಸ್ಪ್ಯಾನಿಷಿನ ಈ ರಕಾರಕ್ಕೆ ನಾಲಗೆಯ ತುದಿ ಮೇಲುಹಲ್ಲಿನ ಹಿಂದೆ ಹಗುರಾಗಿ ತಾಗಿ, ಬರೀ ಉಸಿರಿಗೆ ಅದುರಬೇಕು. ಬಿಗಿಹಿಡಿದರೆ ಕೆಟ್ಟಿತು. "ಲಾವೊ ಲಾ ರೋಪಾ." ಅರಬಿ ಒಗೀತೀನಿ. ಮತ್ತೆ ಅದೇ ರಕಾರ, ಮತ್ತೆ ಗಂಟಲು ಒಣಗುತ್ತದೆ. "ಫ್ರಿಯೇಗೊ ಲೋಸ್ ಪ್ಲಾತೋಸ್." ಭಾಂಡೆ ತಿಕ್ಕತೀನಿ. ಇಲ್ಲಿ ಸಲೀಸು, ಆ ತಕಾರ ನಮ್ಮದೇ. 'ಯೋ', ಅಂದರೆ ನಾನು ಎಂದು ಬೇರೆ ಹೇಳಬೇಕಿಲ್ಲ. ಕನ್ನಡದಂತೆ ಅಲ್ಲಿಯೂ ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ.

ಪರದೆಯ ಮೇಲೆ ಟೀಚರ್ ಮುಖ. ಇವತ್ತು ಡೆಲೆ ಎ1 ಪರೀಕ್ಷೆಯ ತಾಲೀಮು. ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ ನಡೆಸುವ ಆ ಪರೀಕ್ಷೆಯ ಮೊದಲ ಹಂತದಲ್ಲೇ ಎದುರು ಕೂತು ಮಾತಾಡಬೇಕು, ಸುಮಾರು 10 ನಿಮಿಷ.

ಅಡುಗೆ ಯಾರು ಮಾಡುತ್ತಾರೆ? "ಮಿ ಮಾದ್ರೆ." ಕಸ? "ಯೋ." ಬಟ್ಟೆ? "ಯೋ." ಪಾತ್ರೆ? "ಯೋ." ಬೇಡವೆಂದುಕೊಂಡಿದ್ದ ಆ ಒಂದಕ್ಷರವೇ ಬಾಯಿ ತುಂಬಾ.

"ಇ ತು ಎರ್ಮಾನೊ?" ಮತ್ತೆ ನಿನ್ನ ಅಣ್ಣ?

ಅಷ್ಟರಲ್ಲಿ ಅಂಗಳದಲ್ಲಿ ನಳ ಗೊರಗುಟ್ಟುತ್ತದೆ. "ನಳ ಬಂತು! ಕೊಡ ತಗೊಂಡ್ ಬಾರವಾ!" ಅವ್ವನ ಕೂಗು. ಎದೆ ಹೊಡೆದುಕೊಳ್ಳುತ್ತದೆ. ಎದ್ದರೆ ಮಾತು ತಪ್ಪುತ್ತದೆ. ಕೂತರೆ ನೀರು ನಿಲ್ಲುತ್ತದೆ. ಟೀಚರ್ ಕಾಯುತ್ತಿದ್ದಾರೆ. ಅವ್ವ ಮತ್ತೆ ಕೂಗುತ್ತಾಳೆ. ನಿಜ ಹೇಳಲೇ? ಅಂಗೈ ಬೆವರುತ್ತದೆ.

"ಮಿ ಎರ್ಮಾನೊ ಯೇನಾ ಲೋಸ್ ಕೂಬೋಸ್." ಅಣ್ಣ ಬಕೆಟ್ ತುಂಬುತ್ತಾನೆ.

ಹಸೀ ಸುಳ್ಳು. ಫೋನಿಗೆ ಕೈ ಅಡ್ಡ ಹಿಡಿದು ಮಗ್ಗದತ್ತ ತಿರುಗುತ್ತೀರಿ.

"ಅಣ್ಣಾ, ಏಳು. ನೀರ ನೀನ ತುಂಬತಿ ಅಂತ ಹೇಳೀನಿ."

"ಯಾರಿಗೆ?"

"ಟೀಚರ್‌ಗೆ. ಸುಳ್ಳ ಮಾಡಬ್ಯಾಡ."

ಲಾಳಿ ನಿಲ್ಲುತ್ತದೆ. ಅಣ್ಣ ನಿಮ್ಮನ್ನು, ಫೋನನ್ನು, ಬಾಗಿಲಲ್ಲಿ ನಿಂತ ಅವ್ವನನ್ನು ನೋಡುತ್ತಾನೆ. ಗೊಣಗುತ್ತ ಕುಣಿಯಿಂದ ಮೇಲೆದ್ದು ಕೊಡಕ್ಕೆ ಕೈಹಾಕುತ್ತಾನೆ.

ಟೀಚರ್ ಮುಂದಿನ ಪ್ರಶ್ನೆ ಕೇಳುತ್ತಾರೆ: ವಾರಕ್ಕೆ ಎಷ್ಟು ಸಲ?

"ಸಿಯೆಂಪ್ರೆ," ಅನ್ನುತ್ತೀರಿ. ಯಾವಾಗಲೂ.