ಹುಳುಮನೆಯ ಬುದ್ಧಿ, ಹಿಮದ ಡೇರೆ

ಇನ್ನೆರಡು ಕಟ್ಟಿಗೆ ಒಟ್ಟಿ, ಹೇಳ್ತೀನಿ. ಕೇದಾರಕಂಠಕ್ಕೆ ಹೋಗೋಣ ಅನ್ನುವ ಮಾತು ಎದ್ದಾಗ ನಮ್ಮ ಮನೆಗಳಲ್ಲಿ ಯಾರೂ ಬೆಟ್ಟ ಎಷ್ಟು ಎತ್ತರ ಅಂತ ಕೇಳಲಿಲ್ಲ. “ಸಹಸ್ರತಾಲ್‌ನಲ್ಲಿ ಆದದ್ದು ಮರೆತೇಹೋಯಿತಾ?” ಅಂದರು. ಮರೆಯುವುದು ಹೇಗೆ? 2024ರ ಜೂನ್‌ನಲ್ಲಿ, ಕೇದಾರಕಂಠ ಇರುವ ಉತ್ತರಾಖಂಡದ ಅದೇ ಉತ್ತರಕಾಶಿ ಜಿಲ್ಲೆಯ ಕಡೆ, ಕರ್ನಾಟಕದಿಂದ ಹೋಗಿದ್ದ ಚಾರಣಿಗರು ಸಹಸ್ರತಾಲ್ ಸರೋವರ ನೋಡಿಕೊಂಡು ಶಿಬಿರಕ್ಕೆ ಮರಳುವಾಗ ಹಿಮಗಾಳಿಗೆ ಸಿಕ್ಕಿದರು. ತಂಡದ 9 ಮಂದಿ ತೀರಿಕೊಂಡರು. ಆ ದಿನದ್ದು ಬೆಳಿಗ್ಗೆ ಹೋಗಿ ಸಂಜೆಗೆ ಡೇರೆ ಸೇರುವ ನಡಿಗೆ. ನಾವು ಹೊರಟಿದ್ದು ಅದರ ಮುಂದಿನ ಚಳಿಗಾಲಕ್ಕೆ.

ಅದಕ್ಕೇ ನಮ್ಮ ಯೋಜನೆ ಶುರುವಾದದ್ದು ಇಳಿಯುವ ಲೆಕ್ಕದಿಂದ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬಂದಿದ್ದ ಗೆಳೆಯ ಟೀ ಅಂಗಡಿಯಲ್ಲಿ ಕೂತು ಬರೆದ: ತುದಿ ಹತ್ತುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿದ್ದೀವೋ ಅಲ್ಲಿಂದಲೇ ವಾಪಸ್. ತಲೆನೋವು ಬಂದು ಬಿಡದಿದ್ದರೆ, ವಾಂತಿಯಾದರೆ, ಅವರು ಕೆಳಕ್ಕೆ. ಒಂಟಿಯಾಗಿ ಅಲ್ಲ, ಜೊತೆಗೊಬ್ಬರು. ಮುಂದೆ ಹೋಗುವುದು ಬೇಡ ಅಂತ ಗೈಡ್ ಅಂದರೆ ಮುಗಿಯಿತು. “ಅಲ್ಲಿ ಚೌಕಾಸಿ ಇಲ್ಲಪ್ಪ” ಅಂದ. ಕಿಲೋ ಗೂಡಿಗೆ ಹತ್ತು ರೂಪಾಯಿ ಹೆಚ್ಚಿಸಲು ಇಡೀ ಬೆಳಿಗ್ಗೆ ಜಗ್ಗಾಡುವವನ ಬಾಯಲ್ಲಿ ಈ ಮಾತು!

ಅಭ್ಯಾಸಕ್ಕೆ ಸ್ಕಂದಗಿರಿ ಬೆಟ್ಟ ಇತ್ತು. ಒಂದು ಕಾಲಕ್ಕೆ ಜನ ಅಲ್ಲಿ ಮಧ್ಯರಾತ್ರಿಯೇ ಹತ್ತುತ್ತಿದ್ದರು. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. ಕಾಲಿಗೆ ಅಷ್ಟು ಸಾಕು, ಆದರೆ ನಮ್ಮ ಸೀಮೆಯ ಯಾವ ಬೆಟ್ಟವೂ ಹಿಮದ ಪಾಠ ಹೇಳಿಕೊಡುವುದಿಲ್ಲ. ನಂದಿ ಬೆಟ್ಟ 1,478 ಮೀಟರ್, ಕೇದಾರಕಂಠ ಸುಮಾರು 3,800. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ, ಗಾಳಿ ಬೀಸಿದರೆ ಆ ಲೆಕ್ಕವೂ ನಿಲ್ಲುವುದಿಲ್ಲ.

ಚಳಿಗಿಂತ ಒದ್ದೆಯೇ ಹೆಚ್ಚು ಕೆಟ್ಟದ್ದು. ಬನಿಯನ್ನಿನಿಂದ ಹಿಡಿದು ಹತ್ತಿ ಬಟ್ಟೆಯನ್ನೆಲ್ಲ ಮನೆಯಲ್ಲೇ ಬಿಟ್ಟೆವು. ಬೆವರು ಕುಡಿದ ಹತ್ತಿ ಅಲ್ಲಿ ಒಣಗುವುದಿಲ್ಲ. ಮೈಗೆ ಅಂಟುವ ತೆಳು ಬಟ್ಟೆ, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್. ಬೂಟಿಗೆ ಸಿಕ್ಕಿಸುವ ಮುಳ್ಳಿನ ಸರಪಳಿಯನ್ನು ಚಾರಣ ಶುರುವಾಗುವ ಸಾಂಕ್ರಿಯಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ಊರಿನಿಂದ ಹೊತ್ತದ್ದು ರಾಗಿ ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಬೀಜ. ಬಿಸಿನೀರಿಗೆ ಕಲಸಿದರೆ ಊಟವಾಯಿತು. ಚಾಕೊಲೇಟ್ ತಂದವರೂ ಕೊನೆಗೆ ನಮ್ಮ ಡಬ್ಬಿಗೇ ಕೈ ಹಾಕಿದರು.

ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಇಡೀ ಹಗಲಿನ ರಸ್ತೆ. ಅಲ್ಲಿಂದ ಪೈನ್ ಕಾಡು, ಹೆಪ್ಪುಗಟ್ಟಿದ ಜುಡಾ ಕಾ ತಾಲಾಬ್ ಕೆರೆ, ಆಮೇಲೆ ತುದಿಯ ಬುಡದ ಶಿಬಿರ. ಹಿಮವನ್ನು ತುಳಿದು ಗಟ್ಟಿ ಮಾಡಿ ಅದರ ಮೇಲೆ ಡೇರೆ ಹೂಡಿದರು. ನಾವೆಲ್ಲ ಜಿಪ್ಪು ಪೂರ್ತಿ ಎಳೆದು ಬೆಚ್ಚಗೆ ಮಲಗುವ ಆತುರದಲ್ಲಿದ್ದರೆ ರೇಷ್ಮೆ ಗೆಳೆಯ ಮೇಲಿನ ಕಿಂಡಿ ತೆರೆದಿಟ್ಟ. ಬೈದೆವು. “ಹುಳುಮನೆ ಥರಾನೇ ಇದು. ಗಾಳಿ ಆಡದಿದ್ದರೆ ತೇವ ಒಳಗೇ ನಿಲ್ಲುತ್ತೆ, ತೇವ ನಿಂತರೆ ಹುಳುವಿಗೆ ರೋಗ” ಅಂದ. ಬೆಳಗಾಗುವ ಮುಂಚೆ ಎದ್ದಾಗ ಪಕ್ಕದ ಡೇರೆಯವರ ಉಸಿರು ಒಳಬಟ್ಟೆಗೆ ಕಟ್ಟಿ, ಮಂಜಿನ ಪುಡಿಯಾಗಿ ಅವರ ಮುಖದ ಮೇಲೇ ಉದುರುತ್ತಿತ್ತು. ಅವರ ಸ್ಲೀಪಿಂಗ್ ಬ್ಯಾಗ್ ತೊಯ್ದಿತ್ತು, ನಮ್ಮದು ಒಣಗಿತ್ತು. ಗೈಡ್ ಹೇಳಿದ್ದಂತೆ ನೀರಿನ ಬಾಟಲಿ ತಲೆಕೆಳಗಾಗಿ ಇಟ್ಟಿದ್ದೆವು. ಮೇಲಿನ ನೀರು ಮೊದಲು ಗಟ್ಟಿಯಾಗುವುದರಿಂದ ಮುಚ್ಚಳದ ಕಡೆ ಹರಿಯುತ್ತದೆ.

ನಮ್ಮಲ್ಲೊಬ್ಬನಿಗೆ ರಾತ್ರಿಯೇ ತಲೆ ಸಿಡಿಯುತ್ತಿತ್ತು. “ನಿಧಾನವಾಗಿ ಬರ್ತೀನಿ” ಅಂತ ಬೇಡಿಕೊಂಡ. ಟೀ ಅಂಗಡಿಯಲ್ಲಿ ತೀರ್ಮಾನವಾಗಿದ್ದನ್ನು ಮತ್ತೆ ಚರ್ಚಿಸಲಿಲ್ಲ. ಸಹಾಯಕ ಗೈಡ್ ಜೊತೆ ಕೆಳಗಿಳಿಸಿದೆವು. ಸಾಂಕ್ರಿ ಸೇರುವಷ್ಟರಲ್ಲಿ ತಲೆನೋವು ಹೋಗಿತ್ತಂತೆ. ಸಿಟ್ಟು ಮಾತ್ರ ಬೆಂಗಳೂರಿನವರೆಗೂ ಇತ್ತು.

ಉಳಿದವರು ಹಿಮ ಗಟ್ಟಿಯಿರುವ ನಸುಕಿನಲ್ಲೇ ತಲೆಗೆ ದೀಪ ಕಟ್ಟಿಕೊಂಡು ಹೊರಟೆವು. ತುದಿಯಲ್ಲಿ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಕಂಡವು. ಫೋಟೊ ತೆಗೆದು, ಬಿಸಿಲಿಗೆ ಹಿಮ ಮೆದುವಾಗಿ ಕಾಲು ಹೂಳುವ ಮೊದಲೇ ಇಳಿದೆವು.

ಡಿಸೆಂಬರ್‌ಗೆ ಹೋಗುವ ಆಸೆಯಿದ್ದರೆ ಈಗಿನಿಂದಲೇ ಬೆನ್ನಿಗೆ ಹತ್ತು ಕಿಲೋ ಹೊತ್ತು ಸುಲ್ತಾನ್‌ಪೇಟೆ ಕಡೆಯಿಂದ ನಂದಿಯ ಮೆಟ್ಟಿಲು ಹತ್ತಿ. ಭಾನುವಾರ ಮಾತ್ರ ಬೇಡ, ಅಂದು ಕಾಲಿಡಲೂ ಜಾಗವಿರುವುದಿಲ್ಲ.