ಬಾಡಿಗೆ ಎಷ್ಟು, ಲೆನ್ಸಿಗೆ ಎಷ್ಟು?

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ನನಗೆ ಫೋನುಗಳು ಬರತೊಡಗುತ್ತವೆ. ನಾನು ಮೇಳದ ಯಜಮಾನನಲ್ಲ, ವೇಷಧಾರಿಯೂ ಅಲ್ಲ. ಹೈಸ್ಕೂಲಿನ ಮಕ್ಕಳಿಗೆ ಬೆಳಕಿನ ಪ್ರತಿಫಲನ, ವಕ್ರೀಭವನ ಎಂದು ಪಾಠ ಹೇಳುವ ವಿಜ್ಞಾನ ಮಾಸ್ತರ. ಬಿಡುವಿದ್ದಾಗ ಹೆಗಲಿಗೊಂದು ಕ್ಯಾಮರಾ ನೇತುಹಾಕಿಕೊಂಡು ತಿರುಗುವ ಚಟ ಈತನಿಗೆ ಉಂಟು ಎಂಬುದು ಮಣಿಪಾಲ, ಉಡುಪಿಯ ಸುತ್ತಮುತ್ತ ಹತ್ತಾರು ಮಂದಿಗೆ ಗೊತ್ತು. ಎಲ್ಲರದೂ ಒಂದೇ ಪ್ರಶ್ನೆ: “ಮಾಷ್ಟ್ರೇ, ಯಾವ ಕ್ಯಾಮರಾ ತಕ್ಕೊಂಡರೆ ಒಳ್ಳೆಯದು?”

ಯಾವ ಪಾತ್ರೆ ಕೊಳ್ಳಲಿ ಎಂದು ಕೇಳಿದವರಿಗೆ, ಅದರಲ್ಲಿ ಏನು ಬೇಯಿಸುತ್ತೀರಿ ಎಂದು ಮರುಪ್ರಶ್ನೆ ಹಾಕಬೇಕಷ್ಟೆ. ನಾನೂ ಹಾಗೆಯೇ ಕೇಳುತ್ತೇನೆ. ಹೆಚ್ಚಿನವರ ಉತ್ತರ “ಎಲ್ಲ ತೆಗೆಯಬೇಕು” ಎಂದಿರುತ್ತದೆ. ಎಲ್ಲವನ್ನೂ ತೆಗೆಯುವ ಕ್ಯಾಮರಾ ಈಗಾಗಲೇ ಅವರ ಕಿಸೆಯಲ್ಲಿದೆ, ಅದಕ್ಕೆ ಮೊಬೈಲು ಎಂದು ಹೆಸರು.

ಇಲ್ಲ, ಕ್ಯಾಮರಾವೇ ಬೇಕು ಎಂದರೆ ಅದರಲ್ಲಿ ಎರಡು ಭಾಗ. ಅಂಗಡಿಯವರ ಮಾತಿನಲ್ಲಿ ಒಂದು ಬಾಡಿ, ಇನ್ನೊಂದು ಲೆನ್ಸ್. ಮೊನ್ನೆ ಒಬ್ಬರಿಗೆ ಫೋನಿನಲ್ಲಿ “ಬಾಡಿಗೆ 50 ಸಾವಿರ ಬೇಡ, 25 ಸಾಕು” ಎನ್ನುತ್ತಿದ್ದೆ. ಅಡುಗೆ ಮನೆಯಿಂದ ನನ್ನಾಕೆಯ ಸ್ವರ ಬಂತು: “25 ಸಾವಿರ ಬಾಡಿಗೆ ಕೊಟ್ಟು ಮನೆ ಹಿಡಿಯುವವರು ಯಾರು ಮಾರಾಯ್ರೆ?” ಮಣಿಪಾಲದಲ್ಲಿ ಇರುವವರ ಕಿವಿಗೆ ಆ ಶಬ್ದ ಬಿದ್ದರೆ ಬೇರೆ ಅರ್ಥ ಹೊಳೆಯುವುದಿಲ್ಲ.

ಆದರೆ ನನ್ನ ಮಾತು ಅಷ್ಟೇ. ಇದ್ದ ದುಡ್ಡನ್ನೆಲ್ಲ ಬಾಡಿಗೆ ಸುರಿದು, ಅದರ ಜತೆ ಪೆಟ್ಟಿಗೆಯಲ್ಲಿ ಬರುವ ಲೆನ್ಸಿನಲ್ಲೇ ತೃಪ್ತಿಪಡುವ ಕ್ರಮ ತಲೆಕೆಳಗಾದದ್ದು. ನಾನು 1998ರಲ್ಲಿ ಫಿಲ್ಮ್ ಕ್ಯಾಮರಾಕ್ಕೆಂದು ಕೊಂಡ ನಿಕಾನ್ 50 ಮಿ.ಮೀ. ಲೆನ್ಸ್ ಇಂದಿಗೂ ಕೆಲಸ ಮಾಡುತ್ತಿದೆ. ಅದರ ಹಿಂದೆ ಕೂರುವ ಬಾಡಿ ಮಾತ್ರ ಮೂರು ಸಲ ಬದಲಾಯಿತು.

ಕಳೆದ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಕಾರ್ಕಳದ ಕಡೆಯ ಹುಡುಗ. ಡಿಗ್ರಿ ಮುಗಿಸಿ, ಬೇರೆಯವರ ಕೈಕೆಳಗೆ ಎರಡು ವರ್ಷ ಮದುವೆ, ಉಪನಯನ, ಮೆಹೆಂದಿ ಎಂದು ಫೋಟೋ ತೆಗೆದಿದ್ದ. ಇನ್ನು ಸ್ವಂತ ಮಾಡಬೇಕು ಎಂಬ ಆಸೆ. ಹರಕೆಯಾಟ ಆಡಿಸುವ ಮನೆಯವರಿಗೂ ಈಗ ಒಳ್ಳೆಯ ಫೋಟೋ ಬೇಕು, ಆ ಕೆಲಸವೂ ಸಿಗುತ್ತದೆ ಎಂಬ ಲೆಕ್ಕ. ಕೈಯಲ್ಲಿ 1,20,000 ರೂ. ಇತ್ತು. ಎಲ್ಲಿಂದ ಬಂತು ಎಂದು ಕೇಳಿದೆ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟದ್ದಂತೆ. ಆ ಅಷ್ಟೂ ದುಡ್ಡಿಗೆ ಒಂದು ಹೊಸ ಫುಲ್ ಫ್ರೇಮ್ ಬಾಡಿ ನೋಡಿ ಇಟ್ಟಿದ್ದ. ಲೆನ್ಸ್? “ಮತ್ತೆ ನೋಡುವ ಸರ್.”

ಅವನನ್ನು ಕೂರಿಸಿ, ಹಿಂದೆ ಒಂಬತ್ತನೆಯ ತರಗತಿಯಲ್ಲಿ ಮಾಡಿಸಿದಂತೆ, ಕಾಗದದ ಮೇಲೆ ಲೆಕ್ಕ ಮಾಡಿಸಿದೆ. ಲೆನ್ಸಿನ ಮೇಲೆ ಎಫ್/1.8, ಎಫ್/5.6 ಎಂದೆಲ್ಲ ಬರೆದಿರುತ್ತದಲ್ಲ, ಅದು ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದ ಸಂಖ್ಯೆ. 50 ಮಿ.ಮೀ. ಎಫ್/1.8 ಲೆನ್ಸಿನ ಕಿಂಡಿ ಸುಮಾರು 28 ಮಿ.ಮೀ. ಬಾಡಿಯ ಜತೆ ಬರುವ 18–55 ಲೆನ್ಸನ್ನು 55ಕ್ಕೆ ಎಳೆದರೆ ಎಫ್/5.6, ಕಿಂಡಿ ಬರೀ 10 ಮಿ.ಮೀ. ಸೆನ್ಸರಿಗೆ ಬೀಳುವ ಬೆಳಕು ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ 10. ಅಂದರೆ ಅಗ್ಗದ ಆ ಚಿಕ್ಕ ಲೆನ್ಸ್ 10 ಪಟ್ಟು ಬೆಳಕು ಕೊಡುತ್ತದೆ.

ಇದನ್ನು ರಂಗಸ್ಥಳದ ಮುಂದೆ ಇಟ್ಟು ನೋಡಬೇಕು. ರಾತ್ರಿಯ ಆಟದಲ್ಲಿ, ಐಎಸ್‌ಒ ಎಷ್ಟೋ ಏರಿಸಿಯೂ, ಎಫ್/5.6ರಲ್ಲಿ ಷಟರ್ ವೇಗ ಸೆಕೆಂಡಿನ 30ನೇ ಒಂದು ಭಾಗ ಸಿಕ್ಕಿತು ಅನ್ನಿ. ಪುಂಡುವೇಷ ಧೀಂಗಿಣ ಹಾಕುವಾಗ ಆ ವೇಗದಲ್ಲಿ ಸಿಗುವುದು ವೇಷವಲ್ಲ, ಬಣ್ಣದ ಸುಳಿ. ಎಫ್/1.8ರಲ್ಲಿ ಅದೇ ಬೆಳಕಿಗೆ 300ನೇ ಒಂದು ಭಾಗ ಸಿಗುತ್ತದೆ. ಕಾಲು ನೆಲ ಬಿಟ್ಟದ್ದು, ಗೆಜ್ಜೆ ಹಾರಿದ್ದು ಎಲ್ಲ ಕಾಣುತ್ತದೆ. ಅಷ್ಟು ತೆರೆದಾಗ ಸ್ಪಷ್ಟತೆಯ ಆಳ ಕಡಿಮೆ. ಹಿಂದೆ ಕೂತ ಭಾಗವತರು ಮಸುಕಾಗುತ್ತಾರೆ. ಅವರ ಫೋಟೋ ಅವರು ಪದ ಹೇಳುವಾಗ ಬೇರೆಯೇ ತೆಗೆಯಬೇಕು, ಅದು ನ್ಯಾಯವೂ ಹೌದು. ಫ್ಲ್ಯಾಶ್ ಹಾಕಬಹುದಲ್ಲ ಎನ್ನುವವರಿದ್ದಾರೆ. ವೇಷಧಾರಿಯ ಕಣ್ಣಿಗೆ ಮಿಂಚು ಹೊಡೆದು, ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆಯನ್ನು ಸುಣ್ಣ ಬಳಿದ ಗೋಡೆಯ ಹಾಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಬಾಡಿ ಯಾವುದಾದರೂ ನಡೆದೀತೇ? ಪೂರ್ತಿ ಹಾಗಲ್ಲ. ಮದುವೆಗೆ ಹೋಗುವವನಿಗೆ ಮೆಮೊರಿ ಕಾರ್ಡು ಹಾಕಲು ಎರಡು ಕಿಂಡಿ ಇರುವ ಬಾಡಿಯೇ ಬೇಕು. ಒಂದು ಕಾರ್ಡು ಕೈಕೊಟ್ಟರೆ ಇನ್ನೊಂದರಲ್ಲಿ ಪ್ರತಿ ಇರುತ್ತದೆ. ಫೋಟೋ ಹೋಯಿತೆಂದು ಇನ್ನೊಮ್ಮೆ ಧಾರೆ ಎರೆಸಲು ಬರುತ್ತದೆಯೇ? ನನ್ನಂಥ ಹವ್ಯಾಸಿಗೆ ಆ ಗೊಡವೆ ಇಲ್ಲ.

ಮೆಗಾಪಿಕ್ಸೆಲ್ ಎಂಬ ಭೂತಕ್ಕೆ ಮಾತ್ರ ಯಾರೂ ಹೆದರಬೇಕಾಗಿಲ್ಲ. 12×18 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು 3600×5400, ಅಂದರೆ ಸುಮಾರು 19.4 ಮೆಗಾಪಿಕ್ಸೆಲ್ ಸಾಕು. 24 ಇದ್ದದ್ದು 48 ಆದರೆ ವಿವರ ಇಮ್ಮಡಿಯಾಗುವುದಿಲ್ಲ. ಉದ್ದ ಅಗಲಗಳಲ್ಲಿ ಅದು ಹೆಚ್ಚುವುದು 1.41 ಪಟ್ಟು ಮಾತ್ರ.

2018ರಲ್ಲಿ ನಿಕಾನ್ ‘ಝಡ್’, ಕ್ಯಾನನ್ ‘ಆರ್‌ಎಫ್’ ಎಂಬ ಹೊಸ ಮೌಂಟುಗಳನ್ನು ತಂದ ಮೇಲೆ ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮರಾಗಳದ್ದೇ ಕಾಲ. ಕನ್ನಡಿ ಹೋದದ್ದರಿಂದ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವಿನ ಅಂತರ ಇಳಿಯಿತು. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ಹೊಸದರಲ್ಲಿ 16 ಮಿ.ಮೀ. ಹಾಗಾಗಿ ಹಳೆಯ ಲೆನ್ಸನ್ನು ಅಡಾಪ್ಟರ್ ಎಂಬ ಕೊಳವೆಯ ತುಂಡು ಸಿಕ್ಕಿಸಿ ಹೊಸ ಬಾಡಿಗೆ ಹಾಕಬಹುದು. ಹೊಸ ಲೆನ್ಸನ್ನು ಹಳೆಯ ಬಾಡಿಗೆ ಹಾಕಲಾಗದು. ಇನ್ನೊಂದು ಸೂಕ್ಷ್ಮವೂ ಉಂಟು. ನನ್ನಲ್ಲಿರುವಂಥ ಹಳೆಯ ಕಾಲದ ಆಟೋಫೋಕಸ್ ಲೆನ್ಸಿಗೆ ತನ್ನದೇ ಮೋಟರು ಇಲ್ಲ, ಬಾಡಿಯೊಳಗಿನ ಮೋಟರೇ ಅದನ್ನು ತಿರುಗಿಸಬೇಕು. ನಿಕಾನಿನ ಅಗ್ಗದ ಡಿಜಿಟಲ್ ಬಾಡಿಗಳಲ್ಲಿ ಆ ಮೋಟರು ಇರುವುದಿಲ್ಲ, ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಇದನ್ನು ಮೊದಲು ವಿಚಾರಿಸಿ.

ಎಲ್ಲರೂ ಮಿರರ್‌ಲೆಸ್ಸಿಗೆ ಓಡುತ್ತಿರುವುದರಿಂದ ಕನ್ನಡಿಯ ಕ್ಯಾಮರಾಗಳು ಅಗ್ಗಕ್ಕೆ ಸಿಗುತ್ತವೆ. ನಮ್ಮ ಹುಡುಗ ಕೊನೆಗೆ ಕೊಂಡದ್ದು 2015ರ ಮಾದರಿ ನಿಕಾನ್ ಡಿ7200 ಬಾಡಿ. 24 ಮೆಗಾಪಿಕ್ಸೆಲ್, ಎರಡು ಕಾರ್ಡು, ಒಳಗೆ ಮೋಟರೂ ಉಂಟು. ಷಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿಯೇ ಕೊಂಡೆವು. ಜತೆಗೆ 50 ಮತ್ತು 85 ಮಿ.ಮೀ.ನ ಎರಡು ಎಫ್/1.8 ಲೆನ್ಸ್, ಮದುವೆ ಹಾಲಿಗೆಂದು ಒಂದು ಫ್ಲ್ಯಾಶ್. ಎಲ್ಲ ಸೇರಿ 62,000 ರೂ. ಉಳಿದದ್ದರಲ್ಲಿ ಒಂದು ಬಳೆ ಆ ವಾರವೇ ಮನೆಗೆ ಬಂತು. ಇನ್ನೊಂದು ಪತ್ತನಾಜೆಯ ಮೊದಲು ಬಂತು. ದೊಡ್ಡ ಲೆನ್ಸ್ ಬೇಕಾದ ದಿನ ನಿಜವಾಗಿಯೂ ಬಾಡಿಗೆಗೆ ತರುತ್ತಾನೆ.

ಹವ್ಯಾಸಿಗಳಿಗೆ ನಾನು ಹೇಳುವ ಇನ್ನೊಂದು ಮಾತು, ಲೆನ್ಸ್ ಕೊಳ್ಳುವ ಮೊದಲು ನಾಲ್ಕು ಹೆಜ್ಜೆ ನಡೆಯಿರಿ ಎಂದು. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟನ ಪಾದದಿಂದ 5 ಮೀಟರ್ ದೂರದಲ್ಲಿ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಪಾದ ದೊಡ್ಡದು, ತಲೆ ಚಿಕ್ಕದು. ಲೆನ್ಸ್ ಸರಿ ಇಲ್ಲ ಎಂದು ಬೈಯುತ್ತಾರೆ. ಆದರೆ ಅಲ್ಲಿ ತಲೆ ನಿಮ್ಮಿಂದ 12 ಮೀಟರಿಗೂ ಹೆಚ್ಚು ದೂರ ಇದೆ, ಪಾದದ ಎರಡು ಪಟ್ಟಿಗೂ ಮಿಕ್ಕಿ. ಆಕಾರ ಕೆಡಿಸಿದ್ದು ನೀವು ನಿಂತ ಜಾಗ, ಲೆನ್ಸ್ ಅಲ್ಲ. ಕೆಳಗೆ ಚತುರ್ಮುಖ ಬಸದಿಯ ಕಡೆಯಿಂದ 200 ಮಿ.ಮೀ. ಲೆನ್ಸ್ ಹಿಡಿದು ನೋಡಿ, ಮೂರ್ತಿ ಎಷ್ಟು ಅಳತೆಯಲ್ಲಿ ನಿಂತಿದೆ ಎಂದು ತಿಳಿಯುತ್ತದೆ.

ಮಣ್ಣಪಳ್ಳದ ಹಕ್ಕಿಗಳ ಹಿಂದೆ ಬಿದ್ದವರ ಕಥೆ ಬೇರೆ. ಅವರಿಗೆ 500 ಮಿ.ಮೀ. ಇಲ್ಲದೆ ನಿದ್ದೆ ಬಾರದು. ನಿಕಾನಿನ 200–500 ಲೆನ್ಸೊಂದೇ 2.3 ಕಿಲೋ ತೂಗುತ್ತದೆ. ನನ್ನ ಕುತ್ತಿಗೆಗೆ ಈ ವಯಸ್ಸಿನಲ್ಲಿ ಅದು ಹೇಳಿಸಿದ್ದಲ್ಲ.

ಕಡೆಯದಾಗಿ, ಅಂಗಡಿಯಲ್ಲಿ ಯಾರೂ ಹೇಳದ ವಿಷಯ. ನಮ್ಮ ಕರಾವಳಿಯಲ್ಲಿ ಲೆನ್ಸಿನ ಶತ್ರು ಹೊಸ ಮಾದರಿಯಲ್ಲ, ಬೂಸ್ಟು. ಕಾಪುವಿನ ದೀಪಸ್ತಂಭದ ಬುಡದಲ್ಲಿ ಸಂಜೆ ಅರ್ಧ ಗಂಟೆ ನಿಂತರೆ ಗಾಜಿನ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಅದನ್ನು ಅಂದೇ ಒರೆಸಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಚರ್ಮದ ಚೀಲದಲ್ಲಿ ಕಪಾಟಿನ ಕತ್ತಲೆಗೆ ಸೇರಿಸಿದ ಲೆನ್ಸಿನೊಳಗೆ ಜೇಡನ ಬಲೆಯಂಥ ಎಳೆಗಳು ಹಬ್ಬುತ್ತವೆ. ಗಾಜಿನ ಮೇಲಿನ ಲೇಪವನ್ನು ಅವು ತಿಂದರೆ ಮತ್ತೆ ಬರುವುದಿಲ್ಲ. ಇದಕ್ಕೆಂದೇ ವಿದ್ಯುತ್ತಿನ ಒಣ ಪೆಟ್ಟಿಗೆಗಳು ಬಂದಿವೆ. ನನ್ನದು ಬಡವರ ಉಪಾಯ: ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೊಂದು ಪುಟ್ಟ ಆರ್ದ್ರತಾಮಾಪಕ, ಬಟ್ಟೆಯ ಗಂಟಿನಲ್ಲಿ ನೀಲಿ ಸಿಲಿಕಾ ಜೆಲ್ (ಶಾಲೆಯ ಪ್ರಯೋಗಾಲಯದ್ದಲ್ಲ, ಸ್ವಂತ ದುಡ್ಡಿನದು). ಮುಳ್ಳು 40ರಿಂದ 50ರ ಒಳಗೆ ನಿಂತರೆ ಕ್ಷೇಮ. ತೇವ ಹೀರಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಪುನಃ ನೀಲಿಯಾಗುತ್ತದೆ. ಆ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಹೊಟ್ಟೆಗೆ ಹೋಗಬಾರದ ವಸ್ತು. ಅದಕ್ಕಾಗಿ ನಮ್ಮ ಮನೆಯಲ್ಲಿ ಒಂದು ಹಳೆಯ ಬಾಣಲೆಯನ್ನು ಬೇರೆಯೇ ಇಟ್ಟಿದ್ದೇವೆ. ಯಾರೂ ಒಗ್ಗರಣೆಗೆ ತೆಗೆಯದಿರಲೆಂದು ನನ್ನಾಕೆ ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದಾಳೆ.